ತುಮಕೂರು ರೈಲು ನಿಲ್ದಾಣ: ಬಂದ ಹಳಿ, ಬರಬೇಕಾದ ಹಳಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ರೈಲು ಹತ್ತಲು ಆಗುವುದಿಲ್ಲ. ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕೆಂದರೆ ಈ ಸೀಮೆಯ ಹೆಚ್ಚಿನವರು ಮೊದಲು ಬಸ್ಸಿನಲ್ಲಿ ತುಮಕೂರಿಗೆ ಬರಬೇಕು. ಪಾವಗಡದ ಕಡೆಯವರಿಗೆ ಆಂಧ್ರದ ಹಿಂದೂಪುರವೂ ಉಂಟು. ಹೀಗೇಕೆ ಆಯಿತು?

1864ರಲ್ಲಿ ಮದರಾಸು ಕಡೆಯ ರೈಲು ಬೆಂಗಳೂರು ದಂಡು ಪ್ರದೇಶಕ್ಕೆ ಬಂದಿತು. ಮುಂದೆ ಒಳನಾಡಿಗೆ ಹಳಿ ಇರಲಿಲ್ಲ. 1876–78ರ ಘೋರ ಕ್ಷಾಮದಲ್ಲಿ ಇದರ ಬೆಲೆ ತೆರಬೇಕಾಯಿತು. ಬೆಂಗಳೂರಿಗೆ ರೈಲಿನಲ್ಲಿ ಬಂದ ಧಾನ್ಯವನ್ನು ಹಳ್ಳಿಗಳಿಗೆ ಸಾಗಿಸುವುದೇ ದೊಡ್ಡ ಕಷ್ಟವಾಯಿತು. ಗಾಡಿ ಎಳೆಯುವ ಎತ್ತುಗಳಿಗೂ ಮೇವಿಲ್ಲದ ಕಾಲವದು. ಮೈಸೂರು ಸಂಸ್ಥಾನ ರೈಲುದಾರಿಗೆ ಮನಸ್ಸು ಕೊಟ್ಟಿದ್ದರ ಹಿಂದೆ ಈ ಪಾಠವಿದೆ. ಬೆಂಗಳೂರು–ಮೈಸೂರು ಮಾರ್ಗದ ನಂತರ, 1884ರಲ್ಲಿ ತುಮಕೂರಿಗೆ ಮೀಟರ್‌ಗೇಜ್ ರೈಲು ಬಂದಿತು. 1889ರಲ್ಲಿ ಈ ಹಳಿ ತಿಪಟೂರು, ಅರಸೀಕೆರೆ, ಬೀರೂರುಗಳ ಮೂಲಕ ಹರಿಹರವನ್ನು ಮುಟ್ಟಿತು.

ಹುಬ್ಬಳ್ಳಿಯ ಕಡೆಗೆ ಸಂಪರ್ಕ ಬೇಕಾಗಿದ್ದುದರಿಂದ ಹಳಿ ತುಮಕೂರಿನಿಂದ ಪಶ್ಚಿಮಕ್ಕೆ ತಿರುಗಿತು. ಕೆಲವೇ ವರ್ಷಗಳಲ್ಲಿ ಬೆಂಗಳೂರಿನಿಂದ ಗುಂತಕಲ್ಲಿಗೆ ಹೋದ ಇನ್ನೊಂದು ದಾರಿ ಗೌರಿಬಿದನೂರು, ಹಿಂದೂಪುರಗಳನ್ನು ಹಿಡಿದು ಪೂರ್ವಕ್ಕೆ ಸರಿಯಿತು. ಭೂಪಟ ತೆರೆದು ನೋಡಿ. ನಮ್ಮ ನಾಲ್ಕೂ ತಾಲ್ಲೂಕುಗಳು ಈ ಎರಡು ಹಳಿಗಳ ನಡುವೆ ಉಳಿದುಹೋಗಿವೆ.

ಮೀಟರ್‌ಗೇಜ್ ಎಂದರೆ ಎರಡು ಕಂಬಿಗಳ ನಡುವೆ 1,000 ಮಿಲಿಮೀಟರ್ ಅಂತರ. ಬ್ರಾಡ್‌ಗೇಜ್‌ನಲ್ಲಿ ಇದು 1,676 ಮಿಲಿಮೀಟರ್. ಅಗಲ ಬೇರೆಯಾದರೆ ಒಂದರ ಗಾಡಿ ಇನ್ನೊಂದರ ಮೇಲೆ ಓಡದು. 1990ರ ದಶಕದಲ್ಲಿ ಬೆಂಗಳೂರು–ಹುಬ್ಬಳ್ಳಿ ದಾರಿ ಬ್ರಾಡ್‌ಗೇಜ್ ಆಯಿತು. ಬೆಂಗಳೂರು–ತುಮಕೂರು ನಡುವೆ ಈಗ ಜೋಡಿ ಮಾರ್ಗವಿದೆ, ವಿದ್ಯುತ್ ತಂತಿಯೂ ಬಂದಿದೆ. 2003ರಿಂದ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ ನೈಋತ್ಯ ರೈಲ್ವೆ ಇದನ್ನು ನೋಡಿಕೊಳ್ಳುತ್ತದೆ.

ಸುಮಾರು 70 ಕಿ.ಮೀ. ದೂರದ ಈ ದಾರಿಯಲ್ಲಿ ದೂರದ ಊರುಗಳ ಎಕ್ಸ್‌ಪ್ರೆಸ್‌ಗಳ ಜೊತೆಗೆ ಮೆಮು ರೈಲುಗಳೂ ಓಡುತ್ತವೆ. ಮೆಮುವಿಗೆ ಪ್ರತ್ಯೇಕ ಎಂಜಿನ್ ಇಲ್ಲ. ಕೆಲವು ಬೋಗಿಗಳಲ್ಲೇ ವಿದ್ಯುತ್ ಮೋಟಾರು ಇರುತ್ತದೆ. ಎರಡು ತುದಿಯಲ್ಲೂ ಚಾಲಕನ ಕೋಣೆ ಇರುವುದರಿಂದ ಎಂಜಿನ್ ಬಿಚ್ಚಿ ತಿರುಗಿಸುವ ಕೆಲಸವಿಲ್ಲ. ನಿಂತು ಬೇಗನೆ ವೇಗ ಪಡೆಯುವ ಕಾರಣ ಕ್ಯಾತ್ಸಂದ್ರ, ಹಿರೇಹಳ್ಳಿ, ನಿಡವಂದ, ದೊಡ್ಡಬೆಲೆಗಳಂಥ ಸಣ್ಣ ನಿಲ್ದಾಣಗಳಿರುವ ದಾರಿಗೆ ಇದು ಹೊಂದುತ್ತದೆ.

ದಿನವೂ ಓಡಾಡುವವರಿಗೆ ಮಾಸಿಕ ಸೀಸನ್ ಟಿಕೆಟ್ ಇದೆ. ಬಿಡಿ ಟಿಕೆಟ್‌ಗಳಿಗಿಂತ ಬಹಳ ಅಗ್ಗ. ಮನೆಗೂ ಶಾಲೆ ಕಾಲೇಜಿಗೂ ನಡುವೆ ಓಡಾಡಲು ಪದವಿಯವರೆಗಿನ ಹುಡುಗಿಯರಿಗೆ ಮತ್ತು 12ನೇ ತರಗತಿಯವರೆಗಿನ ಹುಡುಗರಿಗೆ ಎರಡನೇ ದರ್ಜೆಯ ಮಾಸಿಕ ಪಾಸು ಉಚಿತ. ಸಂಸ್ಥೆಯ ಮುಖ್ಯಸ್ಥರ ಪತ್ರ ಬೇಕು. ಈ ಸೌಲಭ್ಯ ಕ್ಯಾತ್ಸಂದ್ರದ ಹುಡುಗಿಗೆ ಸಿಗುತ್ತದೆ. ಮಧುಗಿರಿಯ ಹುಡುಗಿಗೆ ತನ್ನ ಊರಿನಿಂದಲೇ ಸಿಗುವುದಿಲ್ಲ. ಹಳಿ ಇದ್ದ ಊರಿಗೂ ಇಲ್ಲದ ಊರಿಗೂ ಇರುವ ವ್ಯತ್ಯಾಸ ಇಷ್ಟು ಹತ್ತಿರದ್ದು.

ಈ ಕೊರತೆ ನೀಗಲು ಎರಡು ಯೋಜನೆಗಳಿವೆ. ಕೊರಟಗೆರೆ, ಮಧುಗಿರಿ, ಪಾವಗಡದ ಮೂಲಕ ಹೋಗುವ 207 ಕಿ.ಮೀ. ಉದ್ದದ ತುಮಕೂರು–ರಾಯದುರ್ಗ ಮಾರ್ಗ 2007–08ರಲ್ಲಿ ಮಂಜೂರಾಯಿತು. ಶಿರಾ, ಚಿತ್ರದುರ್ಗದ ಮೂಲಕ ತುಮಕೂರು–ದಾವಣಗೆರೆ ಮಾರ್ಗ 2011–12ರಲ್ಲಿ ಮಂಜೂರಾಯಿತು. ರಾಯದುರ್ಗದ ಕಡೆಯಿಂದ ಕದಿರಿದೇವರಪಲ್ಲಿಯವರೆಗೆ ರೈಲು ಬಂದಿದೆ. ಉಳಿದ ಕಡೆ ಭೂಸ್ವಾಧೀನ, ಹಣ ಹೊಂದಿಸುವಿಕೆ, ಬೆಟ್ಟಗುಡ್ಡಗಳ ನಡುವೆ ಏರುಕಡಿಮೆಯ ದಾರಿ ಕಡಿಯುವುದು, ಸೇತುವೆ ಕಟ್ಟುವುದು ಇವೆಲ್ಲ ಮುಗಿದ ಹಾಗೆ ಹಳಿ ಮುಂದುವರಿಯಬೇಕು. ಹೊಲ ಬಿಟ್ಟುಕೊಡುವ ರೈತನಿಗೆ ನ್ಯಾಯವಾದ ಪರಿಹಾರ ಕಾಲಕ್ಕೆ ಸಿಗುವುದೂ ಈ ಕೆಲಸದ ಒಂದು ಭಾಗವೇ.

ಈ ಎರಡು ದಾರಿಗಳು ಪೂರ್ಣಗೊಂಡ ದಿನ ತುಮಕೂರು ನಿಲ್ದಾಣ ಜಂಕ್ಷನ್ ಆಗುತ್ತದೆ. ನಿಮ್ಮ ತಾಲ್ಲೂಕಿನ ನಕ್ಷೆಯಲ್ಲಿ ಈ ಮಾರ್ಗಗಳನ್ನು ಗುರುತಿಸಿ. ನಿಮ್ಮ ಊರಿಗೆ ಹತ್ತಿರದ ನಿಲ್ದಾಣ ಯಾವುದಾಗುತ್ತದೆ, ಅಲ್ಲಿಗೆ ಹೋಗುವ ರಸ್ತೆ ಸರಿಯಿದೆಯೇ ಎಂದು ಲೆಕ್ಕ ಹಾಕಿ. ಆ ಲೆಕ್ಕವನ್ನು ತರಗತಿಯಲ್ಲಿ ಚರ್ಚಿಸಿ, ನಿಮ್ಮ ಗ್ರಾಮ ಪಂಚಾಯಿತಿಗೂ ತಿಳಿಸಿ.