ಪದಗಳ ನೆಂಟಸ್ತಿಕೆ

ಕೆಲವು ವರ್ಷಗಳ ಹಿಂದೆ ನಮ್ಮ ಪ್ರಯೋಗಶಾಲೆಯಲ್ಲಿ ಪರೀಕ್ಷೆ ನಡೆಯುತ್ತಿದ್ದಿತು. ಪ್ರೌಢಶಾಲೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿಬಂದ ವಿದ್ಯಾರ್ಥಿನಿಯೊಬ್ಬಳು ಅನುನಾದದ ಪ್ರಯೋಗವನ್ನು ಮಾಡುತ್ತಿದ್ದಳು. ನೀರು ತುಂಬಿದ ಕೊಳವೆಯ ಬಾಯಿಯ ಬಳಿ ಕಂಪಿಸುವ ಶ್ರುತಿಕವೆಯನ್ನು ಹಿಡಿದು ನೀರಿನ ಮಟ್ಟವನ್ನು ಮೆಲ್ಲಮೆಲ್ಲನೆ ಇಳಿಸುತ್ತ ಹೋದರೆ, ಗಾಳಿಯ ಕಂಬವು ಒಂದು ನಿಯತವಾದ ಉದ್ದಕ್ಕೆ ಬಂದೊಡನೆ ದನಿ ಥಟ್ಟನೆ ಜೋರಾಗುವುದು. ಆಗ ಏನಾಗುತ್ತದೆಂದು ಪರೀಕ್ಷಕರು ಕೇಳಿದರು. ಆಕೆ ಇಂಗ್ಲಿಷಿನಲ್ಲಿ ‘ಸೌಂಡ್ ಬಿಕಮ್ಸ್ ಹೈ’ ಎಂದಳು. ಶ್ರುತಿಕವೆಯ ಆವೃತ್ತಿಯೇ ಬದಲಾಗುವುದೋ ಎಂದು ಪರೀಕ್ಷಕರು ಮರುಪ್ರಶ್ನೆ ಹಾಕಿದರು. ಹುಡುಗಿ ತಬ್ಬಿಬ್ಬಾಗಿ ಸುಮ್ಮನಾದಳು, ಅಂಕಗಳು ಹೋದವು.

ಆಕೆಗೆ ವಿಷಯ ಚೆನ್ನಾಗಿಯೇ ತಿಳಿದಿದ್ದಿತು. ದನಿ ಜೋರಾಗುತ್ತದೆ ಎಂಬುದೇ ಆಕೆಯ ಇಂಗಿತ. ಆದರೆ ಇಂಗ್ಲಿಷಿನಲ್ಲಿ ಜೋರಾದ ದನಿಯೊಡನೆ ಬರುವ ವಿಶೇಷಣ ‘ಲೌಡ್’. ದನಿಯನ್ನು ‘ಹೈ’ ಎಂದರೆ ಕೇಳುವವರು ಅದರ ಸ್ಥಾಯಿ ಏರಿತೆಂದು ತಿಳಿಯುತ್ತಾರೆ. ವ್ಯಾಕರಣದಲ್ಲಿ ತಪ್ಪಿರಲಿಲ್ಲ, ತಪ್ಪಿದ್ದುದು ಪದಗಳ ಜೊತೆ. ಆ ಜೊತೆಯನ್ನು ತರಗತಿಯಲ್ಲಿ ನಾವೂ ಹೇಳಿಕೊಟ್ಟಿರಲಿಲ್ಲ.

ಇಂಥ ಜೊತೆಗಳು ಇಂಗ್ಲಿಷಿಗೆ ಮಾತ್ರ ಮೀಸಲಲ್ಲ. ನಮ್ಮಲ್ಲಿ ಚಳಿ ಕೊರೆಯುತ್ತದೆ, ಬಿಸಿಲು ಸುಡುತ್ತದೆ. ‘ಕೊರೆಯುವ ಬಿಸಿಲು’ ಎಂದು ಯಾರೂ ಅನ್ನರು. ಬಾವಿಯಿಂದ ನೀರು ಸೇದುತ್ತೇವೆ, ಬೀಡಿಯನ್ನೂ ಸೇದುತ್ತೇವೆ. ನಿದ್ದೆಯಲ್ಲಿ ನಮಗೆ ಕನಸು ಬೀಳುತ್ತದೆ. ಕನ್ನಡ ಕಲಿಯಲು ಬಂದ ಪರಭಾಷಿಕನೊಬ್ಬನು ‘ಅದು ಎಲ್ಲಿಂದ ಬಿತ್ತು?’ ಎಂದು ಕೇಳಿದರೆ ನಾವು ಏನು ಉತ್ತರ ಕೊಡಬಲ್ಲೆವು? ರೂಢಿ ಹಾಗಿದೆ, ಅಷ್ಟೆ. ಇಂಗ್ಲಿಷಿನವರ ರೂಢಿಯೂ ಅಂತಹುದೇ. ಅಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’, ಮಂಜು ‘ಥಿಕ್’. ತಪ್ಪನ್ನು ‘ಮೇಕ್’ ಮಾಡುತ್ತಾರೆ, ಕೆಲಸವನ್ನು ‘ಡು’ ಮಾಡುತ್ತಾರೆ. ಕನ್ನಡದಲ್ಲಿ ಎರಡಕ್ಕೂ ‘ಮಾಡು’ ಒಂದೇ ಸಾಕು. ನಾವು ಎಡವುವುದು ಇಲ್ಲಿಯೇ.

ಪದಗಳ ಈ ನೆಂಟಸ್ತಿಕೆಯನ್ನು ವಿದ್ವಾಂಸರು ಬಹುಕಾಲದಿಂದ ಗಮನಿಸಿದ್ದಾರೆ. ಜಪಾನಿನಲ್ಲಿ ಇಂಗ್ಲಿಷ್ ಬೋಧನೆಯನ್ನು ಸುಧಾರಿಸಲು ಹೋಗಿದ್ದ ಹೆರಾಲ್ಡ್ ಪಾಮರ್ 1933ರಲ್ಲಿ ಇಂಥ ಪದಕೂಟಗಳ ಬಗ್ಗೆ ಒಂದು ವರದಿಯನ್ನು ಪ್ರಕಟಿಸಿದರು. ಅವರ ಜೊತೆಗಾರರಾಗಿದ್ದ ಎ. ಎಸ್. ಹಾರ್ನ್‌ಬಿಯವರು ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು; 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಹೊರತಂದಿತು. ನಮ್ಮ ವಿದ್ಯಾರ್ಥಿಗಳ ಮೇಜಿನ ಮೇಲಿರುವ ಆಕ್ಸ್‌ಫರ್ಡ್ ಕಲಿಕಾ ನಿಘಂಟಿನ ಮೂಲ ಇದೇ. ಲಂಡನ್ನಿನ ಜೆ. ಆರ್. ಫರ್ತ್ 1950ರ ದಶಕದಲ್ಲಿ, ಪದದ ಅರ್ಥದ ಒಂದಂಶ ಅದರ ಒಡನಾಡಿಗಳಲ್ಲಿಯೇ ಇದೆಯೆಂದು ವಾದಿಸಿದರು. ಅವರ ಶಿಷ್ಯ ಹ್ಯಾಲಿಡೇ 1966ರಲ್ಲಿ ಒಂದು ಸೊಗಸಾದ ಉದಾಹರಣೆ ಕೊಟ್ಟರು: ವಾದವು ‘ಸ್ಟ್ರಾಂಗ್’ ಆಗಬಹುದು, ‘ಪವರ್‌ಫುಲ್’ ಕೂಡ ಆಗಬಹುದು, ಚಹಾ ‘ಸ್ಟ್ರಾಂಗ್’ ಮಾತ್ರ, ಮೋಟಾರು ಕಾರು ‘ಪವರ್‌ಫುಲ್’ ಮಾತ್ರ.

ಭೌತವಿಜ್ಞಾನದವರಾದ ನಮಗೆ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಈ ನೆಂಟಸ್ತಿಕೆಯನ್ನು ಅಳೆಯಬಹುದೇ? ಅಳೆಯಬಹುದು. 10 ಲಕ್ಷ ಪದಗಳ ಒಂದು ಬರಹರಾಶಿಯಲ್ಲಿ ‘ಸ್ಟ್ರಾಂಗ್’ 200 ಸಲ, ‘ಟೀ’ 100 ಸಲ ಬಂದಿವೆಯೆಂದು ಲೆಕ್ಕಕ್ಕಾಗಿ ಊಹಿಸಿಕೊಳ್ಳೋಣ. ಪದಗಳು ಚೀಲದೊಳಗಿನ ಹುಣಿಸೆಬೀಜಗಳಂತೆ ಗೊತ್ತುಗುರಿಯಿಲ್ಲದೆ ಬೆರೆತಿದ್ದರೆ, ಇವೆರಡೂ ಒಂದರ ಹಿಂದೊಂದು ಬರಬೇಕಾದ ಸಂಖ್ಯೆ 200 × 100 ÷ 10,00,000, ಅಂದರೆ 0.02. ಇಷ್ಟೇ ದೊಡ್ಡ 50 ರಾಶಿಗಳನ್ನು ಜಾಲಾಡಿದರೆ ಒಮ್ಮೆ ಸಿಕ್ಕೀತು. ನಮ್ಮ ಒಂದೇ ರಾಶಿಯಲ್ಲಿ ಆ ಜೋಡಿ 5 ಸಲ ಕಂಡಿತೆನ್ನೋಣ. ಆಕಸ್ಮಿಕದ ಲೆಕ್ಕಕ್ಕಿಂತ ಅದು 250 ಪಟ್ಟು ಹೆಚ್ಚು. 1990ರಲ್ಲಿ ಕೆನೆತ್ ಚರ್ಚ್ ಮತ್ತು ಪ್ಯಾಟ್ರಿಕ್ ಹ್ಯಾಂಕ್ಸ್ ಇಂಥ ಪ್ರಮಾಣದ ಲಾಗರಿದಮ್ಮನ್ನೇ ಪದಗಳ ಸಂಬಂಧದ ಅಳತೆಯಾಗಿ ಮುಂದಿಟ್ಟರು. ಆಧಾರಸಂಖ್ಯೆ 2, ನಮ್ಮ ಉದಾಹರಣೆಯಲ್ಲಿ ಬೆಲೆ ಸುಮಾರು 8. ಒಂದೆರಡು ಸಲ ಮಾತ್ರ ಕಂಡ ಜೋಡಿಯನ್ನು ಈ ಅಳತೆ ಮಿತಿಮೀರಿ ಹಿಗ್ಗಿಸುತ್ತದೆ. ಒಂದೇ ವಾಚನವನ್ನು ನಂಬಬಾರದೆಂಬ ಪ್ರಯೋಗಶಾಲೆಯ ನೀತಿ ಇಲ್ಲಿಯೂ ಸಲ್ಲುತ್ತದೆ.

ಅಂಥ ರಾಶಿಗಳು ಊಹೆಯವಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ 1961ರ ಮುದ್ರಿತ ಬರಹಗಳಿಂದ 10 ಲಕ್ಷ ಪದಗಳನ್ನು ಕಲೆಹಾಕಿದರು. ಅದೇ ಮಾದರಿಯಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದವರು 1978ರ ಭಾರತೀಯ ಇಂಗ್ಲಿಷ್ ಬರಹಗಳನ್ನು ಸಂಗ್ರಹಿಸಿದರು.

ನಿರರ್ಗಳತೆಯ ಗುಟ್ಟೂ ಇಲ್ಲಿಯೇ ಅಡಗಿದೆ. ಸರಾಗವಾಗಿ ಮಾತಾಡುವವರು ಪ್ರತಿಯೊಂದು ಪದವನ್ನೂ ಆಯ್ದು ಜೋಡಿಸುತ್ತ ಕೂಡುವುದಿಲ್ಲ. ಸಿದ್ಧವಾಗಿರುವ ಕಟ್ಟುಗಳನ್ನೇ ನೆನಪಿನಿಂದ ಎತ್ತಿಕೊಳ್ಳುತ್ತಾರೆ ಎಂದು ಪಾಲಿ ಮತ್ತು ಸೈಡರ್ ಎಂಬ ಸಂಶೋಧಕರು 1983ರಲ್ಲಿ ವಿವರಿಸಿದರು. ನಮ್ಮ ವಿದ್ಯಾರ್ಥಿಯಾದರೋ ಕನ್ನಡದ ವಾಕ್ಯವನ್ನು ಬಿಡಿಸಿ, ಒಂದೊಂದು ಪದಕ್ಕೂ ಇಂಗ್ಲಿಷ್ ಪದ ಹುಡುಕಿ, ಮತ್ತೆ ಪೋಣಿಸುತ್ತಾನೆ. ಅಷ್ಟರಲ್ಲಿ ಕೇಳಿದವರ ತಾಳ್ಮೆ ಮುಗಿದಿರುತ್ತದೆ. ಇದು ಬುದ್ಧಿಯ ಕೊರತೆಯಲ್ಲ, ಕಟ್ಟುಗಳ ಕೊರತೆ.

ಹಾಗಾದರೆ ಮಾಡಬೇಕಾದುದೇನು? ಹೊಸ ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ. ಅದರ ಒಡನಾಡಿಯ ಸಮೇತ ಬರೆದುಕೊಳ್ಳಿ. ನಿಮ್ಮ ಭೌತವಿಜ್ಞಾನದ ಪಠ್ಯಪುಸ್ತಕದಲ್ಲಿಯೇ ಬೇಕಾದಷ್ಟು ಸಿಗುತ್ತವೆ: ‘ಎಕ್ಸರ್ಟ್ ಎ ಫೋರ್ಸ್’, ‘ಒಬೇ ಎ ಲಾ’, ‘ಪ್ಲಾಟ್ ಎ ಗ್ರಾಫ್’, ‘ಟೇಕ್ ಎ ರೀಡಿಂಗ್’, ‘ಡ್ರಾ ಎ ಕನ್‌ಕ್ಲೂಷನ್’. ನಿಘಂಟು ತೆರೆದಾಗ ಅರ್ಥವನ್ನು ನೋಡಿ ಮುಚ್ಚಿಬಿಡದೆ, ಕೆಳಗಿನ ಉದಾಹರಣೆ ವಾಕ್ಯಗಳನ್ನೂ ಓದಿ. ದಿನಕ್ಕೆ ಮೂರು ಜೋಡಿಗಳಾದರೆ ವರ್ಷಕ್ಕೆ ಸಾವಿರ ದಾಟುತ್ತವೆ. ಆ ಜೋಡಿಗಳನ್ನು ಗಟ್ಟಿಯಾಗಿ ಹೇಳಿಕೊಳ್ಳಲು ಸಂಕೋಚ ಬೇಡ.

ಒಂದು ಮಾತು ಮಾತ್ರ ನೆನಪಿರಲಿ. ರೂಢಿ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ನಾವು ಪರೀಕ್ಷೆಯನ್ನು ‘ರೈಟ್’ ಮಾಡುತ್ತೇವೆ, ಇಂಗ್ಲೆಂಡಿನವರು ‘ಸಿಟ್’ ಅಥವಾ ‘ಟೇಕ್’ ಎನ್ನುತ್ತಾರೆ. ನಮ್ಮದು ನಮ್ಮಲ್ಲಿ ನೆಲೆಗೊಂಡ ರೂಢಿ, ಅದಕ್ಕಾಗಿ ನಾಚಬೇಕಾಗಿಲ್ಲ. ಆದರೆ ‘ಹೈ’ ಮತ್ತು ‘ಲೌಡ್’ಗಳ ಅದಲುಬದಲು ಅಂತಹುದಲ್ಲ, ಅಲ್ಲಿ ವಿಜ್ಞಾನವೇ ಕೆಡುತ್ತದೆ.

ಆ ಪರೀಕ್ಷೆಯ ನಂತರ, ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕದಲ್ಲಿ ಪ್ರತಿ ಪ್ರಯೋಗದ ಕೊನೆಗೆ ಐದಾರು ಪದಜೋಡಿಗಳನ್ನು ಬರೆಯಿಸುವ ಪದ್ಧತಿಯನ್ನು ನಾವು ಆರಂಭಿಸಿದೆವು. ಅನುನಾದದ ಪ್ರಯೋಗದ ಕೆಳಗೆ ಮೊದಲು ಬರುವುದು ‘ಲೌಡ್ ಸೌಂಡ್’. ಅದರ ಮಗ್ಗುಲಿಗೆ ‘ಹೈ ಪಿಚ್’.