ವಸಡಿನ ಆಳವನ್ನು ಅಳೆಯುವ ವಿದ್ಯೆ

ಬಾವಿಯ ಆಳವನ್ನು ತಿಳಿಯಬೇಕಾದರೆ ಹಗ್ಗದ ತುದಿಗೆ ಕಲ್ಲು ಕಟ್ಟಿ ಇಳಿಬಿಡುತ್ತೇವೆ. ಕಲ್ಲು ತಳ ಮುಟ್ಟಿದೊಡನೆ ಹಗ್ಗ ಸಡಿಲವಾಗುತ್ತದೆ. ಅಲ್ಲಿಗೆ ಗುರುತು ಹಿಡಿದು ಮೇಲೆಳೆದು ಅಳೆದರಾಯಿತು. ತಳದಲ್ಲಿ ಬಂಡೆಯಿದ್ದರೆ ಈ ಲೆಕ್ಕ ತಪ್ಪುವುದಿಲ್ಲ. ಆದರೆ ಕೆಸರಿದ್ದರೆ? ಕಲ್ಲು ಕೆಸರಿನೊಳಕ್ಕೂ ಇಳಿಯುತ್ತದೆ. ಕಲ್ಲು ಭಾರವಾದಷ್ಟೂ ಬಾವಿ ಆಳವಾಗಿ ತೋರುತ್ತದೆ. ದಂತವೈದ್ಯಕೀಯ ವಿದ್ಯಾರ್ಥಿಗಳು ರೋಗಿಯ ವಸಡನ್ನು ಮೊದಲ ಬಾರಿಗೆ ಅಳೆಯಲು ಹೊರಟಾಗ ಎದುರಾಗುವ ತೊಡಕೂ ಇದೇ. ಅವರ ಬಾವಿಗಳ ಆಳ ಕೆಲವೇ ಮಿಲಿಮೀಟರು. ಆದರೆ ಒಂದೇ ಬಾಯಿಯಲ್ಲಿ ಅಂಥವು ೧೯೨ ಇರುತ್ತವೆ.

ಹಲ್ಲಿಗೂ ವಸಡಿನ ಅಂಚಿಗೂ ನಡುವೆ ಒಂದು ಸಣ್ಣ ಸಂದು ಎಲ್ಲರಲ್ಲಿಯೂ ಉಂಟು. ಅಂಗಿಯ ಕೊರಳಪಟ್ಟಿ ಕುತ್ತಿಗೆಯ ಸುತ್ತ ತುಸು ತೆರಪು ಬಿಟ್ಟು ನಿಂತಿರುವುದಿಲ್ಲವೆ, ಹಾಗೆ. ಆರೋಗ್ಯವಂತರಲ್ಲಿ ಈ ಸಂದಿನ ಆಳ ೧ರಿಂದ ೩ ಮಿಲಿಮೀಟರು. ಹಲ್ಲುಜ್ಜುವಾಗ ತಪ್ಪಿಸಿಕೊಂಡ ಸೂಕ್ಷ್ಮಜೀವಿಗಳು ಇಲ್ಲಿ ನೆಲೆಯೂರಿದರೆ ವಸಡು ಕೆಂಪಾಗಿ ಊದಿಕೊಳ್ಳುತ್ತದೆ. ಕೆಲವರಲ್ಲಿ ರೋಗ ಅಷ್ಟಕ್ಕೇ ನಿಲ್ಲುತ್ತದೆ. ಮತ್ತೆ ಕೆಲವರಲ್ಲಿ ಹಲ್ಲಿನ ಬೇರನ್ನು ದವಡೆಯ ಮೂಳೆಗೆ ಬಿಗಿದಿರುವ ನಾರುಗಳು ಕಳಚುತ್ತವೆ, ಮೂಳೆಯೂ ಕರಗುತ್ತದೆ, ಸಂದು ಬೇರಿನ ಗುಂಟ ಆಳಕ್ಕೆ ಹಬ್ಬುತ್ತದೆ. ಆಳ ೪ ಮಿಲಿಮೀಟರನ್ನು ಮುಟ್ಟಿದರೆ ವೈದ್ಯರು ಅದನ್ನು ‘ಪಾಕೆಟ್’, ಎಂದರೆ ಜೇಬು, ಎನ್ನುತ್ತಾರೆ. ಹೆಸರೇನೋ ಸೊಗಸಾಗಿದೆ, ಜೇಬಿನಲ್ಲಿ ಕೂಡುವ ಆಸ್ತಿ ಮಾತ್ರ ಕಿಟ್ಟ ಮತ್ತು ಕೀವು.

ಹುಳುಕು ಹಲ್ಲು ರಾತ್ರಿಯೆಲ್ಲ ನಿದ್ದೆಗೆಡಿಸಿ ಬೆಳಗಾಗುತ್ತಲೇ ನಮ್ಮನ್ನು ವೈದ್ಯರಲ್ಲಿಗೆ ಓಡಿಸುತ್ತದೆ. ವಸಡಿನ ರೋಗಕ್ಕೆ ಆ ಉಪಕಾರಬುದ್ಧಿಯಿಲ್ಲ. ಬಹುಮಟ್ಟಿಗೆ ನೋವಿಲ್ಲದೆಯೇ ಅದು ವರ್ಷಗಟ್ಟಲೆ ನಡೆದಿರುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ವಸಡು ರಕ್ತ ಒಸರುವುದೂ ಕಡಮೆ. ಹೀಗಾಗಿ ಇದ್ದೊಂದು ಎಚ್ಚರಿಕೆಯೂ ಅಡಗಿಹೋಗುತ್ತದೆ. ಕ್ಷ-ಕಿರಣದ ಚಿತ್ರವು ಕರಗಿದ ಮೂಳೆಯನ್ನು ತೋರಿಸೀತೇ ಹೊರತು ಜೇಬಿನ ಆಳವನ್ನು ಹೇಳಲಾರದು. ಹಲ್ಲು ಅಲುಗತೊಡಗಿದ ಮೇಲೆ ಬಂದ ರೋಗಿಗೆ ವೈದ್ಯನು ಮಾಡಬಹುದಾದ ಸಹಾಯವೂ ಅಷ್ಟಕ್ಕಷ್ಟೆ. ಆದುದರಿಂದ ಅಳೆದೇ ತಿಳಿಯಬೇಕು.

ಪ್ರತಿಯೊಂದು ಹಲ್ಲಿಗೂ ಆರು ಅಳತೆಗಳು: ಕೆನ್ನೆಯ ಬದಿಗೆ ಮೂರು, ನಾಲಗೆಯ ಬದಿಗೆ ಮೂರು. ೩೨ ಹಲ್ಲುಗಳಿದ್ದರೆ ೧೯೨ ಆಯಿತು. ಹೊಸ ವಿದ್ಯಾರ್ಥಿ ಒಂದೊಂದಕ್ಕೆ ೧೦ ಸೆಕೆಂಡು ಹಿಡಿದರೆ ಒಟ್ಟು ೩೨ ನಿಮಿಷ ಬೇಕು. ಅದನ್ನೇ ೩ ಸೆಕೆಂಡಿಗೆ ಇಳಿಸಿದರೆ ೧೦ ನಿಮಿಷದೊಳಗೆ ಮುಗಿದೀತು. ಅರ್ಧ ಗಂಟೆ ಬಾಯಿ ತೆರೆದು ಮಲಗುವುದು ಎಂಥ ಶಿಕ್ಷೆಯೆಂದು ಅನುಭವಿಸಿದವರೇ ಬಲ್ಲರು. ಆದರೆ ರೋಗಿಯ ದಣಿವಿಗಿಂತ ದೊಡ್ಡದಾದ ಕಾರಣ ಇನ್ನೊಂದಿದೆ. ಹೊತ್ತು ಹಿಡಿಯುವ ಪರೀಕ್ಷೆಯನ್ನು ಬಿಡುವಿಲ್ಲದ ವೈದ್ಯನು ನಾಳೆಗೆ ಮುಂದೂಡುತ್ತಾನೆ, ಆ ನಾಳೆ ಬರುವುದೇ ಇಲ್ಲ. ವಿದ್ಯಾರ್ಥಿಯಾಗಿದ್ದಾಗ ಬೇಗ ಅಳೆಯಲು ಕಲಿಯದವನು ವೈದ್ಯನಾದ ಮೇಲೆ ಅಳೆಯುವುದನ್ನೇ ಬಿಟ್ಟುಬಿಡುವ ಅಪಾಯವಿದೆ.

ಹಾಗೆಂದು ಕೈಯನ್ನು ಅವಸರಪಡಿಸಿದರೆ ಬರುವ ಅಂಕಿಗಳು ಸುಳ್ಳಾಗುತ್ತವೆ. ಹೇಗೆಂಬುದನ್ನು ನೋಡೋಣ.

ಅಳೆಯುವ ಸಾಧನವು ತೆಳುವಾದೊಂದು ಉಕ್ಕಿನ ಕಡ್ಡಿ, ಶಲಾಕೆ ಎನ್ನೋಣ. ನಮ್ಮ ದಂತವೈದ್ಯಕೀಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಕೈಗೆ ಸಾಮಾನ್ಯವಾಗಿ ಬರುವುದು ಕೆನಡಾ ದೇಶದ ವಿಲಿಯಮ್ಸ್ ಎಂಬವರು ೧೯೩೬ರಲ್ಲಿ ಬಳಕೆಗೆ ತಂದ ಶಲಾಕೆ. ಅದರ ಮೇಲೆ ೧, ೨, ೩, ೫, ೭, ೮, ೯, ೧೦ ಮಿಲಿಮೀಟರುಗಳಿಗೆ ಗೆರೆಗಳಿವೆ. ೪ ಮತ್ತು ೬ನ್ನು ಬೇಕೆಂದೇ ಬಿಡಲಾಗಿದೆ. ಗೆರೆಗಳೆಲ್ಲ ಒತ್ತೊತ್ತಾಗಿದ್ದರೆ ಕಣ್ಣು ತಡವರಿಸುತ್ತದೆ. ನಡುವೆ ತೆರಪಿದ್ದರೆ ಒಂಟಿಯಾಗಿ ನಿಂತ ೫ರ ಗೆರೆ ಥಟ್ಟನೆ ಗುರುತು ಸಿಗುತ್ತದೆ. ಆದರೆ ಇದನ್ನರಿಯದೆ ಗೆರೆಗಳನ್ನು ಎಣಿಸುತ್ತ ಹೋಗುವ ವಿದ್ಯಾರ್ಥಿ ನಾಲ್ಕನೆಯ ಗೆರೆಯನ್ನು ‘ನಾಲ್ಕು’ ಎಂದು ಕೂಗುತ್ತಾನೆ. ಅದು ೫. ಐದನೆಯದನ್ನು ‘ಐದು’ ಎಂದರೆ ತಪ್ಪು ಇನ್ನೂ ಹಿರಿದು, ಏಕೆಂದರೆ ಅದು ೭. ಮೊದಲು ಕಲಿಯಬೇಕಾದುದು ಎಣಿಸದೆ ಓದುವುದನ್ನು. ಗಡಿಯಾರದಲ್ಲಿ ಹೊತ್ತು ನೋಡುವಾಗ ಯಾರೂ ಹನ್ನೆರಡರಿಂದ ಎಣಿಸಿಕೊಂಡು ಬರುವುದಿಲ್ಲವಷ್ಟೆ.

ಇನ್ನು ಒತ್ತುವ ಬಲ. ಸುಮಾರು ೨೫ ಗ್ರಾಂ ತೂಕದಷ್ಟು ಬಲ ಸಾಕು. ಹತ್ತು ರೂಪಾಯಿಯ ಮೂರು ನಾಣ್ಯಗಳ ಭಾರಕ್ಕಿಂತ ಸ್ವಲ್ಪ ಹೆಚ್ಚು. ಇದು ಅಲ್ಪವೆಂದು ತೋರಬಹುದು. ಆದರೆ ಶಲಾಕೆಯ ತುದಿಯ ವ್ಯಾಸ ಸುಮಾರು ಅರ್ಧ ಮಿಲಿಮೀಟರು ಮಾತ್ರ. ಭೌತಶಾಸ್ತ್ರವನ್ನೋದಿದ ವಾಚಕರು ಲೆಕ್ಕ ಹಾಕಿ ನೋಡಲಿ: ಅಷ್ಟು ಕಿರಿದಾದ ತುದಿಯ ಮೇಲೆ ೨೫ ಗ್ರಾಂ ಬಿದ್ದರೆ ಒತ್ತಡವು ಚದರ ಸೆಂಟಿಮೀಟರಿಗೆ ೧೨ ಕಿಲೋಗ್ರಾಮಿಗೂ ಮಿಕ್ಕುತ್ತದೆ, ವಾಯುಮಂಡಲದ ಒತ್ತಡದ ಸುಮಾರು ಹನ್ನೆರಡು ಪಟ್ಟು! ಕೈ ತುಸು ಬಿರುಸಾದರೂ ಶಲಾಕೆ ಎಲ್ಲಿಗೆ ಹೋಗಿ ನಿಲ್ಲುವುದೆಂದು ಹೇಳಬರುವುದಿಲ್ಲ. ಈ ಹದವನ್ನು ಮಾತಿನಿಂದ ಕಲಿಸಲಾಗದು. ಆದ್ದರಿಂದ ವಿದ್ಯಾರ್ಥಿಗಳು ಸೂಕ್ಷ್ಮ ತಕ್ಕಡಿಯ ಮೇಲೆ ಶಲಾಕೆಯನ್ನೊತ್ತಿ ೨೫ ಗ್ರಾಂ ಬರುವವರೆಗೆ ಬೆರಳನ್ನು ಪಳಗಿಸುವುದುಂಟು. ತಕ್ಕಡಿಯಿಲ್ಲದಿದ್ದರೆ ತಮ್ಮ ಹೆಬ್ಬೆರಳಿನ ಉಗುರಿನ ಕೆಳಗೆ ಮೆಲ್ಲನೆ ಒತ್ತಿ, ನೋವಾಗದಂತೆ ಚರ್ಮ ಬಿಳಿಚುವಷ್ಟಕ್ಕೆ ನಿಲ್ಲಿಸುವುದೂ ಉಂಟು.

ಕೆಸರಿನ ಮಾತು ಬರುವುದು ಇಲ್ಲಿ. ಆರೋಗ್ಯವಾಗಿರುವ ವಸಡಿನ ತಳ ಗಟ್ಟಿಯಾಗಿ ಶಲಾಕೆಯನ್ನು ತಡೆಯುತ್ತದೆ. ಬೇನೆಯಿಂದ ಊದಿದ ವಸಡಿನ ತಳ ಮೆತ್ತಗಾಗಿ ಅದನ್ನು ಒಳಕ್ಕೆ ಬಿಟ್ಟುಕೊಡುತ್ತದೆ. ಅಮೆರಿಕದ ಲಿಸ್ಟ್‌ಗಾರ್ಟನ್ ಎಂಬ ವಿದ್ವಾಂಸರು ೧೯೮೦ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದನ್ನು ವಿವರಿಸಿದರು. ಶಲಾಕೆ ಹೇಳುವ ಆಳ ಬೇರೆ, ಸೂಕ್ಷ್ಮದರ್ಶಕದಡಿ ಕಾಣುವ ನಿಜವಾದ ಆಳ ಬೇರೆ. ಇದಕ್ಕೆ ವಿರುದ್ಧವಾದ ತಪ್ಪೂ ಆಗುತ್ತದೆ. ಬೇರಿಗಂಟಿದ ಕಿಟ್ಟದ ಗಡ್ಡೆಗೆ ತುದಿ ತಾಗಿದಾಗ, ತಳ ಬಂದಿತೆಂದು ಅವಸರದವನು ‘ಮೂರು’ ಎಂದು ಬರೆಸುತ್ತಾನೆ. ಜೇಬು ಆ ಗಡ್ಡೆಯಾಚೆ ಇನ್ನೂ ೪ ಮಿಲಿಮೀಟರು ಇಳಿದಿರಬಹುದು. ಕಿಟ್ಟ ಕಲ್ಲಿನಂತೆ ಗಟ್ಟಿ, ನಿಜವಾದ ತಳ ರಬ್ಬರಿನಂತೆ ಮೆದು. ಈ ಭೇದವನ್ನು ಬೆರಳು ಬಲ್ಲುದು, ಕಣ್ಣು ಅರಿಯದು.

ಹಾಗಾದರೆ ಹೊತ್ತನ್ನು ಉಳಿಸುವುದೆಲ್ಲಿ? ಒತ್ತುವ ಗಳಿಗೆಯಲ್ಲಂತೂ ಅಲ್ಲ. ಹೊಸಬರನ್ನು ಗಮನಿಸಿದರೆ ಹೊತ್ತು ಪೋಲಾಗುವುದು ಅಳತೆಗಳ ನಡುವೆಯೇ ಎಂಬುದು ತಿಳಿಯುತ್ತದೆ. ಒಮ್ಮೆ ಅಳೆದು ಶಲಾಕೆಯನ್ನು ಹೊರತೆಗೆಯುವುದು, ಕನ್ನಡಿಯನ್ನು ಮತ್ತೆ ಹೊಂದಿಸುವುದು, ಯಾವ ಹಲ್ಲೆಂದು ಯೋಚಿಸುವುದು. ನುರಿತವನು ಶಲಾಕೆಯನ್ನು ಸಂದಿನಿಂದ ತೆಗೆಯುವುದೇ ಇಲ್ಲ. ಉಂಗುರಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿ, ಶಲಾಕೆಯನ್ನು ಹಲ್ಲಿಗೆ ಸಮಾನಾಂತರವಾಗಿ ಹಿಡಿದು, ಒಂದೊಂದು ಮಿಲಿಮೀಟರಿನ ಹೆಜ್ಜೆಯಿಟ್ಟು ಹಲ್ಲಿನ ಸುತ್ತ ನಡೆಸುತ್ತಾನೆ. ಎರಡು ಹಲ್ಲು ಕೂಡುವೆಡೆಯಲ್ಲಿ ಮಾತ್ರ ಕಡ್ಡಿಯನ್ನು ಕಿಂಚಿತ್ತು ಓರೆಮಾಡಬೇಕು. ಜೇಬುಗಳು ಹೆಚ್ಚಾಗಿ ಅವಿತಿರುವುದೂ ಅಲ್ಲಿಯೇ, ಅವಸರದ ಕೈಗೆ ತಪ್ಪಿಹೋಗುವುದೂ ಅಲ್ಲಿಯೇ.

ದಾರಿಯೂ ಪ್ರತಿದಿನ ಒಂದೇ ಆಗಿರಬೇಕು. ಮೇಲ್ದವಡೆಯ ಬಲಗಡೆಯ ಕೊನೆಯ ಹಲ್ಲಿನಿಂದ ಹೊರಟು ಕೆನ್ನೆಯ ಬದಿಯಲ್ಲೇ ಎಡತುದಿಯನ್ನು ಮುಟ್ಟಿ, ಅಂಗುಳದ ಬದಿಯಲ್ಲಿ ಹಿಂದಿರುಗುವುದು ಒಂದು ಪದ್ಧತಿ. ಕೈಗವಸು ತೊಟ್ಟವನು ಲೇಖನಿಯನ್ನು ಮುಟ್ಟುವಂತಿಲ್ಲವಾದುದರಿಂದ ಬರೆದುಕೊಳ್ಳಲು ಸಹಪಾಠಿಯೊಬ್ಬನು ಬೇಕು. ಒಬ್ಬನು ‘ಮೂರು ಎರಡು ಮೂರು, ಮೂರು ಎರಡು ನಾಲ್ಕು’ ಎಂದು ಮಗ್ಗಿಯಂತೆ ಹೇಳುತ್ತ ಹೋಗುತ್ತಾನೆ. ಇನ್ನೊಬ್ಬನು ಮರುಮಾತಿಲ್ಲದೆ ಬರೆಯುತ್ತಾನೆ. ಲಯ ಕೂಡಿಬಂದರೆ ವೇಗ ತಾನಾಗಿಯೇ ಬರುತ್ತದೆ. ಮಲಗಿದ ರೋಗಿಯೂ ತನ್ನ ಅಂಕಿಗಳನ್ನು ಕೇಳಿಸಿಕೊಳ್ಳುತ್ತಿರುತ್ತಾನೆ. ಮೂರು ಎರಡುಗಳ ನಡುವೆ ಇದ್ದಕ್ಕಿದ್ದಂತೆ ‘ಏಳು’ ಎಂಬುದು ಬಿದ್ದಾಗ ಅವನ ಹುಬ್ಬು ಮೇಲೇರದಿರದು! ಅಂಥವನಿಗೆ ಚಿಕಿತ್ಸೆಯ ಅಗತ್ಯವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಅಷ್ಟೂ ಅಳತೆಗಳು ಎಲ್ಲರಿಗೂ ಬೇಕೇ ಎಂದು ಕೇಳಬಹುದು. ಜನಸಮುದಾಯಗಳ ಪರೀಕ್ಷೆಗೆಂದು ೧೯೮೨ರಲ್ಲಿ ಪ್ರಕಟವಾದ ಒಂದು ಕ್ರಮದಲ್ಲಿ ಬಾಯಿಯನ್ನು ಆರು ಭಾಗ ಮಾಡಿ, ಪ್ರತಿ ಭಾಗದಲ್ಲೂ ಅತ್ಯಂತ ಕೆಟ್ಟಿರುವ ಸ್ಥಿತಿಯನ್ನಷ್ಟೇ ಬರೆದುಕೊಳ್ಳುತ್ತಾರೆ. ಅದಕ್ಕೆ ಬಳಸುವ ವಿಶ್ವ ಆರೋಗ್ಯ ಸಂಸ್ಥೆಯ ಶಲಾಕೆಯ ತುದಿಯಲ್ಲಿ ಅರ್ಧ ಮಿಲಿಮೀಟರಿನ ಗುಂಡು, ಮೇಲೆ ೩.೫ರಿಂದ ೫.೫ ಮಿಲಿಮೀಟರಿನವರೆಗೆ ಕಪ್ಪು ಪಟ್ಟಿ ಇವೆ. ಪಟ್ಟಿ ಪೂರ್ತಿ ಕಂಡರೆ ಜೇಬಿಲ್ಲ. ಪೂರ್ತಿ ಮುಳುಗಿದರೆ ೬ ಅಥವಾ ಹೆಚ್ಚು. ಇದು ಒಳ್ಳೆಯ ಜರಡಿ. ಆದರೆ ಜರಡಿಯಲ್ಲಿ ರೋಗ ಸಿಕ್ಕಿದ ಮೇಲೆ ಸಮಗ್ರವಾದ ಅಳತೆ ತಪ್ಪಿದ್ದಲ್ಲ. ಬಲವನ್ನು ತಾನೇ ಸ್ಥಿರವಾಗಿಟ್ಟು ಅಂಕಿಯನ್ನು ಕಂಪ್ಯೂಟರಿಗೆ ಕಳುಹಿಸುವ ವಿದ್ಯುನ್ಮಾನ ಶಲಾಕೆಯನ್ನು ಫ್ಲಾರಿಡಾ ವಿಶ್ವವಿದ್ಯಾನಿಲಯದವರು ೧೯೮೮ರಲ್ಲಿ ವರ್ಣಿಸಿದರು. ಅದು ಬಲದ ಚಿಂತೆಯನ್ನು ಕಳೆಯಿತು; ಆದರೆ ತುದಿಯನ್ನು ಸರಿಯಾದ ಎಡೆಗೆ ಒಯ್ಯುವ ಕೆಲಸ ಕೈಗೇ ಉಳಿಯಿತು.

ವಿದ್ಯಾರ್ಥಿ ಅಳೆದ ಮೇಲೆ, ಅವನ ಅಂಕಿಗಳನ್ನು ನೋಡದೆ ಅಧ್ಯಾಪಕರು ಅದೇ ಬಾಯಿಯನ್ನು ಅಳೆದು ಹೋಲಿಸುವುದುಂಟು. ಒಂದು ಮಿಲಿಮೀಟರಿನ ವ್ಯತ್ಯಾಸವನ್ನು ಸಾಮಾನ್ಯವಾಗಿ ಒಪ್ಪುತ್ತಾರೆ, ಏಕೆಂದರೆ ಒಬ್ಬರೇ ಎರಡು ಸಲ ಅಳೆದರೂ ಅಷ್ಟು ಹೆಚ್ಚುಕಡಮೆ ಬರುತ್ತದೆ. ನನಗೆ ತೋರುವಂತೆ, ನಿಮಿಷಗಳನ್ನು ಎಣಿಸುವ ಮುನ್ನ ಈ ಹೋಲಿಕೆಯಲ್ಲಿ ಗೆಲ್ಲಬೇಕು.

ಹೋಲಿಕೆ ಮತ್ತೊಮ್ಮೆ ಬೇಕಾಗುವುದು ಕಿಟ್ಟವನ್ನು ಕೆರೆದು ಬೇರನ್ನು ಶುಚಿಗೊಳಿಸಿದ ಕೆಲವು ವಾರಗಳ ಬಳಿಕ. ೬ ಇದ್ದ ಕಡೆ ಈಗ ೪ ಬಂದರೆ ವಿದ್ಯಾರ್ಥಿ ಹಿಗ್ಗುತ್ತಾನೆ. ಹಿಗ್ಗಲಿ. ಆ ೨ ಮಿಲಿಮೀಟರಿನಲ್ಲಿ ಒಂದು ಪಾಲು ಊತ ಇಳಿದು ವಸಡಿನ ಅಂಚು ಕೆಳಸರಿದುದರಿಂದ ಬಂದುದು. ಇನ್ನೊಂದು ಪಾಲು ತಳದ ಕೆಸರು ಗಟ್ಟಿಯಾಗಿ, ಮೊದಲಿನಂತೆ ಶಲಾಕೆಯನ್ನು ಒಳಕ್ಕೆ ಬಿಡದಿದ್ದುದರಿಂದ ಬಂದುದು.