ಕತ್ತರಿಸಿ ಬೆಳೆಸುವ ಪ್ರೋಟೀನು: ಇಲಿಯ ಕೋಫಿಲಿನ್-೧ ಜೀನು ಮತ್ತು ಕೋಶಸಂಚಾರ

ಗಾಯ ಮಾಯುವಾಗ ಅದರ ಅಂಚಿನ ಚರ್ಮಕೋಶಗಳು ನಿಂತಲ್ಲಿ ನಿಲ್ಲದೆ ತೆರವಾದ ಎಡೆಯತ್ತ ಸರಿಯುತ್ತವೆ. ಭ್ರೂಣವು ರೂಪುಗೊಳ್ಳುವಾಗ ಎಷ್ಟೋ ಕೋಶಗಳು ಹುಟ್ಟಿದ ನೆಲೆಯನ್ನು ಬಿಟ್ಟು ದೂರದ ಸ್ಥಾನವನ್ನು ಸೇರುತ್ತವೆ. ಅರ್ಬುದರೋಗವು ದೇಹದಲ್ಲೆಲ್ಲ ಹರಡುವುದಕ್ಕೂ ಕೋಶಗಳ ಈ ಸಂಚಾರಶಕ್ತಿಯೇ ಒಂದು ಕಾರಣ. ಕಾಲಾಗಲಿ ಬಾಲವಾಗಲಿ ಇಲ್ಲದ ಕೋಶವು ನಡೆಯುವುದು ಹೇಗೆ?

ಈ ಚಲನೆಗೆ ಆಧಾರವಾದುದು ಆಕ್ಟಿನ್ ಎಂಬ ಪ್ರೋಟೀನು. ಹಂಗೆರಿಯ ಸೆಗೆಡ್ ನಗರದಲ್ಲಿ ಸೆಂಟ್-ಜಾರ್ಜಿಯವರ ಪ್ರಯೋಗಶಾಲೆಯಲ್ಲಿದ್ದ ಸ್ಟ್ರಾಬ್ ಅವರು ೧೯೪೨ರಲ್ಲಿ ಇದನ್ನು ಸ್ನಾಯುವಿನಿಂದ ಬೇರ್ಪಡಿಸಿದರು. ಸ್ನಾಯುವಲ್ಲದ ಕೋಶಗಳಲ್ಲಿಯೂ ಇದು ಹೇರಳವಾಗಿದೆಯೆಂಬುದು ಅನಂತರ ತಿಳಿದುಬಂದಿತು. ಆಕ್ಟಿನ್ ಅಣುಗಳು ಮಣಿಗಳಂತೆ ಒಂದಕ್ಕೊಂದು ಸೇರಿ, ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ಸುಮಾರು ೭ ಪಾಲು ದಪ್ಪವಿರುವ ತಂತುಗಳಾಗುತ್ತವೆ. ತಂತುವಿನ ಎರಡು ತುದಿಗಳು ಸಮಾನವಲ್ಲ. ಒಂದು ತುದಿಯಲ್ಲಿ ಹೊಸ ಅಣುಗಳು ಬೇಗನೆ ಸೇರುತ್ತವೆ, ಇನ್ನೊಂದರಲ್ಲಿ ಹಳೆಯವು ಕಳಚುತ್ತವೆ. ಬೇಗ ಬೆಳೆಯುವ ತುದಿಗಳು ಹೊರಪೊರೆಯನ್ನು ಒತ್ತಿದಾಗ ಕೋಶವು ಮುಂದಕ್ಕೆ ಚಾಚಿಕೊಳ್ಳುತ್ತದೆ.

೧೯೮೪ರಲ್ಲಿ ನಿಶಿದಾ ಮತ್ತು ಸಹಕಾರಿಗಳು ಹಂದಿಯ ಮಿದುಳಿನಿಂದ ಪಡೆದ ಕೋಫಿಲಿನ್ ಎಂಬ ಪ್ರೋಟೀನು ಈ ಏರ್ಪಾಟಿನಲ್ಲಿ ವಿಚಿತ್ರವಾದ ಪಾತ್ರ ವಹಿಸುತ್ತದೆ. ಪ್ರಯೋಗಶಾಲೆಗಳಲ್ಲಿ ಸಾಕುವ ದೊಡ್ಡ ಇಲಿಯಲ್ಲಿ ಇದರ ಒಂದು ರೂಪವನ್ನು ವಿಧಿಸುವುದು ಸಿ.ಎಫ್.ಎಲ್.೧ ಎಂಬ ಜೀನು; ಪ್ರೋಟೀನಿನಲ್ಲಿರುವುದು ಕೇವಲ ೧೬೬ ಅಮೈನೋ ಆಮ್ಲಗಳು. ಇದು ಹಳೆಯದಾದ ತಂತುಭಾಗಗಳಿಗೆ ಅಂಟಿ, ಅವುಗಳ ಹುರಿಯನ್ನು ಮತ್ತಷ್ಟು ತಿರುಚಿ ತುಂಡರಿಸುತ್ತದೆ. ಹೀಗಾಗಿ ಇದನ್ನು ಬಹುಕಾಲ ಕೇವಲ ಕೆಡಹುವ ಪ್ರೋಟೀನೆಂದೇ ಎಣಿಸುತ್ತಿದ್ದರು. ಆದರೆ ತಂತುಗಳನ್ನು ಕಡಿಯುವ ಪದಾರ್ಥವು ತಂತುಗಳು ಬೆಳೆಯಬೇಕಾದ ಕೋಶದ ಮುಂಗಡೆಯಲ್ಲಿ ಏನು ಮಾಡುತ್ತಿದೆ?

ಬೇಲಿಯ ಗಿಡವನ್ನು ಸವರಿದವರಿಗೆ ಉತ್ತರವು ಅಷ್ಟೇನೂ ಹೊಸದೆನಿಸದು. ಒಂದು ಕೊಂಬೆ ಕಡಿದಲ್ಲಿ ಹಲವು ಚಿಗುರು ಒಡೆಯುತ್ತವೆ. ಕಡಿದ ತಂತುವಿನಲ್ಲಿಯೂ ಬೇಗ ಬೆಳೆಯಬಲ್ಲ ಹೊಸ ತುದಿಯೊಂದು ತೆರೆದುಕೊಳ್ಳುತ್ತದೆ. ಇದನ್ನು ಜೀವಂತ ಕೋಶದಲ್ಲಿಯೇ ತೋರಿಸಿಕೊಟ್ಟದ್ದು ನ್ಯೂಯಾರ್ಕಿನ ಜಾನ್ ಕಾಂಡೀಲಿಸ್ ಮತ್ತು ಸಂಗಡಿಗರು ೨೦೦೪ರಲ್ಲಿ ಪ್ರಕಟಿಸಿದ ಪ್ರಯೋಗ. ಅವರು ಆರಿಸಿಕೊಂಡದ್ದು ಇಲಿಯ ಸ್ತನದ ಅರ್ಬುದದಿಂದ ಬಂದ ಕೋಶಗಳನ್ನು. ಬೆಳಕು ಬಿದ್ದಾಗ ಮಾತ್ರ ಕಳಚುವ ರಾಸಾಯನಿಕ ಮುಸುಕೊಂದನ್ನು ಕೋಫಿಲಿನಿಗೆ ತೊಡಿಸಿ, ಅದನ್ನು ಕೋಶದೊಳಕ್ಕೆ ಸೇರಿಸಿದರು. ಬಳಿಕ ಕೋಶದ ಒಂದು ಮೂಲೆಗೆ ಮಾತ್ರ ಬೆಳಕನ್ನು ಹಾಯಿಸಲು, ಅಲ್ಲಿಯೇ ಹೊಸ ತುದಿಗಳು ಹೆಚ್ಚಿ, ಕೋಶವು ಅತ್ತಲೇ ಚಾಚಿಕೊಂಡು ಆ ದಿಕ್ಕಿಗೇ ಹೊರಳಿತು! ಪ್ರಶ್ನೆ ಎಷ್ಟು ಸರಳವೋ ಉತ್ತರವೂ ಅಷ್ಟೇ ನೇರವಾಗಿರುವ ಇಂಥ ಪ್ರಯೋಗಗಳು ವಿರಳ.

ಆದರೂ ಕಡಿತಕ್ಕೆ ಮಿತಿ ಬೇಕು. ಕೋಫಿಲಿನ್ ಸ್ವಲ್ಪವಿದ್ದರೆ ತಂತುಗಳು ತುಂಡಾಗುತ್ತವೆಂದೂ, ಉದ್ದಕ್ಕೂ ಒತ್ತಾಗಿ ಹೊದ್ದುಕೊಂಡರೆ ಅವು ಸ್ಥಿರವಾಗಿ ನಿಲ್ಲುತ್ತವೆಂದೂ ೨೦೦೬ರಲ್ಲಿ ಪೊಲಾರ್ಡ್ ಅವರ ಪ್ರಯೋಗಶಾಲೆಯಿಂದ ತಿಳಿದುಬಂದಿತು. ಕೋಶವು ಇದನ್ನು ಹತೋಟಿಯಲ್ಲಿಡುವ ಬಗೆ ಹಲವು. ಮೂರನೆಯ ಸ್ಥಾನದ ಸೆರೀನಿಗೆ ಲಿಮ್ ಕೈನೇಸ್ ಎಂಬ ಕಿಣ್ವವು ಫಾಸ್ಫೇಟನ್ನು ಜೋಡಿಸಿದರೆ ಕೋಫಿಲಿನ್ ನಿಷ್ಕ್ರಿಯವಾಗುತ್ತದೆ. ಸ್ಲಿಂಗ್‌ಶಾಟ್ ಎಂಬ ಇನ್ನೊಂದು ಕಿಣ್ವವು ಅದನ್ನು ಕಿತ್ತರೆ ಮರಳಿ ಎಚ್ಚರಗೊಳ್ಳುತ್ತದೆ. ಹೊರಪೊರೆಯ ಒಂದು ಬಗೆಯ ಮೇದಸ್ಸಿಗೆ ಅಂಟಿಕೊಂಡಾಗಲೂ ಅದು ಕೆಲಸ ಮಾಡದು.

ಈ ಜೀನು ಇಲ್ಲದೆಹೋದರೆ ಆಗುವುದೇನೆಂಬುದು ಗಾತ್ರದಲ್ಲಿ ಚಿಕ್ಕದಾದ ಮೌಸ್ ಜಾತಿಯ ಇಲಿಯಲ್ಲಿ ೨೦೦೫ರ ವೇಳೆಗೆ ಸ್ಪಷ್ಟವಾಯಿತು. ಜೀನನ್ನು ತೆಗೆದುಹಾಕಿದ ಭ್ರೂಣಗಳಲ್ಲಿ ನರನಾಳವು ಮುಚ್ಚಿಕೊಳ್ಳಲಿಲ್ಲ, ಅದರ ಅಂಚಿನಿಂದ ಹೊರಟು ದೇಹದಲ್ಲಿ ಹಂಚಿಹೋಗಬೇಕಾದ ಕೋಶಗಳು ಸರಿಯಾಗಿ ಸಂಚರಿಸಲಿಲ್ಲ, ಭ್ರೂಣಗಳು ಉಳಿಯಲಿಲ್ಲ.

ಅರ್ಬುದಕೋಶಗಳಲ್ಲಿ ಕೋಫಿಲಿನಿನ ಒಟ್ಟು ಪ್ರಮಾಣವನ್ನು ಅಳೆದು ಅವು ಎಷ್ಟು ಹರಡಬಲ್ಲವೆಂದು ಹೇಳಹೊರಡುವುದು ಅವಸರದ ಮಾತೆಂದು ನಮಗೆ ತೋರುತ್ತದೆ. ಅಳೆಯತಕ್ಕದ್ದು ಫಾಸ್ಫೇಟಿನ ಬಂಧನವಿಲ್ಲದೆ, ಹೊರಪೊರೆಗೂ ಅಂಟದೆ, ಆ ಗಳಿಗೆಯಲ್ಲಿ ಕಡಿಯಲು ಸಿದ್ಧವಾಗಿರುವ ಭಾಗವನ್ನು. ಅದು ಕೋಶದ ಯಾವ ಅಂಚಿನಲ್ಲಿದೆ ಎಂಬುದನ್ನೂ ಜೊತೆಗೇ ನೋಡಬೇಕು.